ಟೋಪಿಯ ಇಲಿಬಾಲ

ಇಪ್ಪತ್ತಾರು ವರ್ಷ ಟೋಪಿ ಹೊತ್ತೇ ಬದುಕಿದ ಜೀಲಾನಿಯ ತಲೆಯ ಮೇಲೆ ಮಾತ್ರ ಟೋಪಿ ಇರಲಿಲ್ಲ. ಟ್ಯೂನಿಸ್‌ನ ಹಳೇ ಪೇಟೆಯ ಅರ್ಧಕ್ಕರ್ಧ ಮುದುಕರಿಗೆ ಟೋಪಿ ಹಾಕಿದವನು ಅವನು, ಅದೂ ಒಂದಿಷ್ಟೂ ಮೋಸವಿಲ್ಲದೆ. ಆದರೆ ಅವನದು ದೇವರು ಕೈಬಿಚ್ಚಿ ಕೊಟ್ಟ ತಲೆ. ಅವನು ದುಡಿಯುವ ಅಂಗಡಿಯ ಅತಿ ದೊಡ್ಡ ಶೆಶಿಯಾ ಟೋಪಿ ಕೂಡ ಅದರ ಮೇಲೆ ನೆಲೆಯಾಗುತ್ತಿರಲಿಲ್ಲ. ಅವಸರದ ನೆಂಟರ ಹಾಗೆ ತುದಿಯಲ್ಲಿ ಒಂದು ಕ್ಷಣ ಕೂತು ಎದ್ದುಹೋಗುತ್ತಿತ್ತು. ಅವನ ಕ್ಷೌರಿಕ ಅರ್ಧ ತಲೆ ಮುಗಿಸಿ, ಒಂದು ಲೋಟ ಟೀ ಕುಡಿದು, ಆಮೇಲೆ ಉಳಿದರ್ಧಕ್ಕೆ ಕೈಹಾಕುತ್ತಿದ್ದ.

ಕೆಂಪು ಉಣ್ಣೆಯ ಶೆಶಿಯಾ ನೋಡುವುದಕ್ಕೆ ತುಂಬ ಸರಳ. ಹುಟ್ಟುವುದಕ್ಕೆ ಮಾತ್ರ ನಾಲ್ಕು ಊರು ಬೇಕು. ಅರಿಯಾನಾದ ಹೆಂಗಸರು ಬಿಳಿ ಉಣ್ಣೆಯಲ್ಲಿ ಅದನ್ನು ಹೆಣೆಯುತ್ತಾರೆ. ಆಗ ಅದು ಟೋಪಿಯಲ್ಲ, ಸಂತೆಗೆ ಒಯ್ಯಬಹುದಾದ ಚೀಲ. ನದಿ ದಂಡೆಯ ಬತ್ತಾನ್‌ನಲ್ಲಿ ಬಿಸಿನೀರು, ಸಾಬೂನು ಹಾಕಿ ತುಳಿದು ಬಡಿದು ಅದನ್ನು ಅರ್ಧಕ್ಕೆ ಕುಗ್ಗಿಸುತ್ತಾರೆ. ಆಮೇಲೆ ಪೇಟೆಯಲ್ಲಿ ಒಣಗಿದ ಮುಳ್ಳುಕಾಯಿಯಿಂದ ಉಜ್ಜಿ ಉಜ್ಜಿ, ಹೆಣಿಗೆಯ ಎಳೆ ಕಾಣದಂತೆ ಮೆತ್ತನೆಯ ನವಿರು ಎಬ್ಬಿಸುತ್ತಾರೆ. ಅಲ್ಲಿಂದ ಬಣ್ಣಕ್ಕೆ ಝಗ್ವಾನ್. ಬಣ್ಣ ಕುಡಿದು ಮತ್ತೆ ಪೇಟೆಗೆ ಬಂದು ಅಚ್ಚಿನ ಮೇಲೆ ಕೂತಾಗಲೇ ಅದು ಶೆಶಿಯಾ. ಈ ನಾಲ್ಕೂ ಊರುಗಳ ನಡುವೆ ಮೂಟೆ ಹೊತ್ತು ಓಡಾಡುವ, ಬಾಗಿಲನ್ನು ಹಗ್ಗದಿಂದ ಕಟ್ಟಿಕೊಂಡ ಬಿಳಿ ಪಿಕಪ್ ಗಾಡಿಯ ಚಾಲಕ ಜೀಲಾನಿ.

ವಿಚಿತ್ರವೆಂದರೆ ನಾಲ್ಕು ಊರಿನವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅದು ಅಂಗಡಿಯ ಯಜಮಾನ ಸಿ ಹಮ್ಮೂದಾ ಅವರ ಅಜ್ಜನ ಕಾಲದ ಕಟ್ಟಳೆ. ಹೆಣೆಯುವವರಿಗೆ ತುಳಿಯುವವರ ಗುಟ್ಟು ಗೊತ್ತಾಗಬಾರದು, ತುಳಿಯುವವರಿಗೆ ಉಜ್ಜುವವರದು. ಎಲ್ಲ ಗುಟ್ಟೂ ಒಂದೇ ತಲೆಯಲ್ಲಿ ಸೇರಿದರೆ ಆ ತಲೆ ನಾಳೆ ಎದುರಿಗೇ ಒಂದು ಅಂಗಡಿ ತೆರೆಯುತ್ತದೆ ಎಂದು ಅಜ್ಜನ ಲೆಕ್ಕಾಚಾರ. ಕೆಲಸಕ್ಕೆ ಸೇರಿದ ದಿನವೇ ಸಿ ಹಮ್ಮೂದಾ ಜೀಲಾನಿಗೆ ಹೇಳಿದ್ದರು:

"ನೋಡಯ್ಯ, ಟೋಪಿ ಹೊರು. ಮಾತು ಹೊರಬೇಡ."

ಟೋಪಿ ಹಗುರ, ಮಾತು ಭಾರ ಎಂದು ಅವನೂ ಒಪ್ಪಿಕೊಂಡಿದ್ದ. ಆದರೆ ಹೋದಲ್ಲೆಲ್ಲ ಜನ ಅವನ ಗಾಡಿಗೆ ಮಾತು ತುಂಬುತ್ತಿದ್ದರು. ಬತ್ತಾನ್‌ನ ಲಾರೂಸಿ, ಮಂಡಿವರೆಗೆ ನೀರಲ್ಲಿ ನಿಂತೇ, "ಅರಿಯಾನಾದವರು ಹೆಣೀತಾರೋ ಬಲೆ ಬೀಸ್ತಾರೋ? ಮೀನು ಹಿಡೀಬೋದು ಇದ್ರಲ್ಲಿ!" ಎನ್ನುತ್ತಿದ್ದ. ಅರಿಯಾನಾದಲ್ಲಿ, ಎಲ್ಲರೂ ಖಾಲ್ತಿ ಅಂದರೆ ಚಿಕ್ಕಮ್ಮ ಎಂದು ಕರೆಯುವ ಶೆದ್ಲಿಯಾ, "ಆ ಉಜ್ಜೋ ದೆವ್ವಗಳಿಗೆ ಕೈ ಇದೆಯೋ, ಬರೀ ಉಗುರೋ?" ಎಂದು ಕೇಳುತ್ತಿದ್ದಳು. ಝಗ್ವಾನ್‌ನ ಬಣ್ಣದ ಮುದುಕನೊಬ್ಬ ಮಾತ್ರ ಯಾರ ಬಣ್ಣವನ್ನೂ ಬಯಲು ಮಾಡುವವನಲ್ಲ. ಮೂಟೆ ಇಳಿಸಿಕೊಂಡು ಎರಡು ಕಿತ್ತಳೆ ಕೊಟ್ಟು ಕಳಿಸುತ್ತಿದ್ದ. ಎಲ್ಲರನ್ನೂ ಬಲ್ಲವನು ತಾನೊಬ್ಬನೇ ಎಂಬುದು ಜೀಲಾನಿಗೆ ಒಳಗೊಳಗೇ ಖುಷಿ ಕೊಡುತ್ತಿತ್ತು. ತಲೆಗೆ ಟೋಪಿ ಇಲ್ಲದಿದ್ದರೇನು, ಈ ಗರಿ ಇತ್ತು.

ಆ ಸೋಮವಾರ ಅವನು ಅಂಗಡಿಗೆ ಬಂದಾಗ ಸಿ ಹಮ್ಮೂದಾ ಒಂದು ಶೆಶಿಯಾವನ್ನು ಬೆಳಕಿಗೆ ಹಿಡಿದು ಕೂತಿದ್ದರು.

"ಏನು ಕಾಣ್ತಿದೆ?"

"ಟೋಪಿ, ಸಿ ಹಮ್ಮೂದಾ."

"ಅದ್ರ ತೂತಲ್ಲಿ ಏನು ಕಾಣ್ತಿದೆ ಅಂದೆ."

ಜೀಲಾನಿ ಬಗ್ಗಿ ನೋಡಿದ. "ನೀವು ಕಾಣ್ತಿದೀರಿ."

ನೆತ್ತಿಯ ಸರಿಯಾಗಿ ನಡುವೆ, ಕಡಲೆಕಾಳಿನಷ್ಟು ತೂತು. ಕಳೆದ ಚಳಿಗಾಲದಿಂದ ಹೀಗೇ. ಹತ್ತರಲ್ಲಿ ಮೂರು ಟೋಪಿಗಳಿಗೆ ನೆತ್ತಿ ತೂತು. ಮೊನ್ನೆ ಟ್ರಿಪೋಲಿಯ ವ್ಯಾಪಾರಿ ಇಡೀ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸಿ, ಜೊತೆಗೊಂದು ಚೀಟಿ ಇಟ್ಟಿದ್ದ: ಗಾಳಿ ಆಡುವ ಟೋಪಿ ಬೇಕಾದಾಗ ತಿಳಿಸುತ್ತೇವೆ.

"ಹೆಣಿಗೆ ಸರಿ ಇಲ್ಲ ಅಂತಾನೆ ಖ್ಮಾಯಿಸ್," ಎಂದರು ಸಿ ಹಮ್ಮೂದಾ. ಖ್ಮಾಯಿಸ್ ಎಂದರೆ ಅಂಗಡಿಯ ಹಿಂಬದಿಯಲ್ಲಿ ನಲವತ್ತು ವರ್ಷದಿಂದ ಮುಳ್ಳುಕಾಯಿ ಹಿಡಿದು ಉಜ್ಜುತ್ತಿರುವವನು. "ಅವನೇ ಅಂದ್ಮೇಲೆ ಮುಗೀತು. ಸೂಸ್ ಕಡೆ ಒಂದು ಮಿಲ್ಲಿದೆ, ಮೆಷಿನ್ನಲ್ಲಿ ಹೆಣೆದು ಕೊಡ್ತಾರಂತೆ. ಗುರುವಾರ ಅರಿಯಾನಾಕ್ಕೆ ಹೋಗ್ತೀಯಲ್ಲ, ಮಾಡಿಟ್ಟಿರೋದನ್ನ ತಗೊಂಡು ಬಾ. ಹೊಸ ಉಣ್ಣೆ ಕೊಡಬೇಡ."

"ಶೆದ್ಲಿಯಾಗೆ ಏನಂತ ಹೇಳ್ಲಿ?"

"ಏನೂ ಹೇಳಬೇಡ. ಉಣ್ಣೆ ಹೋಗ್ಲಿಲ್ಲ ಅಂದ್ರೆ ಅವರಿಗೇ ಗೊತ್ತಾಗತ್ತೆ."

ಶೆದ್ಲಿಯಾಳ ಅಂಗಳದಲ್ಲಿ ಏಳು ಜನ ಹೆಂಗಸರು ಹೆಣೆಯುತ್ತಿದ್ದರು. ಅವರ ತಾಯಂದಿರೂ ಅಲ್ಲೇ, ಅದೇ ಹುಳಿಕಿತ್ತಳೆ ಮರದ ಕೆಳಗೆ ಹೆಣೆದವರು. ಆ ಏಳು ಜನಕ್ಕೆ ಬೇರೆ ದುಡಿಮೆ ಇರಲಿಲ್ಲ, ಬೇರೆ ಕಸುಬು ಕಲಿಯುವ ವಯಸ್ಸೂ ಅಲ್ಲ.

ಸಿ ಹಮ್ಮೂದಾ ಮಧ್ಯಾಹ್ನದ ನಮಾಜಿಗೆ ಹೋದ ಮೇಲೆ ಜೀಲಾನಿ ಹಿಂಬದಿಗೆ ಹೋಗಿ ಖ್ಮಾಯಿಸನ ಪಕ್ಕ ಕೂತ. ಖ್ಮಾಯಿಸನ ಕೈಗಳು ಬೆಕ್ಕಿನ ಜೊತೆ ಸಂಸಾರ ಮಾಡಿದವನ ಕೈಗಳಂತೆ ಗೀರುಗೀರಾಗಿದ್ದವು.

"ಯಜಮಾನ್ರಿಗೆ ಏನೋ ಹೇಳಿದೆ ನೀನು?"

"ಇದ್ದಿದ್ದು ಹೇಳಿದೆ. ಮುಟ್ಟಿ ನೋಡು ಇಲ್ಲಿ." ಖ್ಮಾಯಿಸ್ ಒಂದು ಬಿಳಿ ಟೋಪಿಯ ನೆತ್ತಿಯ ಒಳಗೆ ಅವನ ಬೆರಳನ್ನು ಒತ್ತಿಸಿದ. ಒಳಗೆ ಗಟ್ಟಿಯಾಗಿ ಏನೋ ಇತ್ತು, ಅಕ್ಕಿಯಲ್ಲಿ ಸಿಕ್ಕ ಕಲ್ಲಿನ ಹಾಗೆ. "ಗಂಟು. ಬತ್ತಾನ್‌ನಲ್ಲಿ ಬಡಿದಾಗ ಕಲ್ಲಾಗತ್ತೆ. ನನ್ನ ಮುಳ್ಳು ಅದಕ್ಕೆ ಸಿಕ್ಕಿದ್ರೆ ಕಿತ್ಕೊಂಡೇ ಬರತ್ತೆ. ಮೊದಲೆಲ್ಲ ಗಂಟಿರ್ಲಿಲ್ಲ, ಬಾಲ ಇತ್ತು."

"ಯಾವ ಬಾಲ?"

"ಅದೇ ಮಾರಾಯ, ಹೆಣೆದು ಮುಗಿಸಿದ್ಮೇಲೆ ನೆತ್ತೀಲಿ ಬೆರಳುದ್ದ ದಾರ ನೇತಾಡ್ತಿತ್ತಲ್ಲ, ಇಲಿಬಾಲ! ಅದನ್ನ ಹಿಡ್ಕೊಂಡೇ ನಾನು ಟೋಪಿ ತಿರುಗಿಸ್ತಿದ್ದೆ. ಕೊನೇಲಿ ಕತ್ತರಿಸಿ ಬಿಸಾಕ್ತಿದ್ದೆ. ಈಗ ಬಾಲಾನೂ ಉಳಿಸ್ಕೋತಾರೆ, ಜಿಪುಣಿಯರು. ಬಾಲ ಇಲ್ದೆ ಇಲಿ ಹಿಡಿಯೋದು ಹೇಗೆ ಹೇಳು?"

ಇಲಿಬಾಲ. ಜೀಲಾನಿಯ ದೊಡ್ಡ ತಲೆ ಒಮ್ಮೆ ಜುಮ್ಮೆಂದಿತು.

ಕಳೆದ ಶರತ್ಕಾಲದಲ್ಲಿ ಇದೇ ಬೆಂಚಿನ ಮುಂದೆ ಖ್ಮಾಯಿಸ್ ಒಂದು ಟೋಪಿಯನ್ನು ಬಾಲದಿಂದ ಎತ್ತಿ ಹಿಡಿದು, "ಅರಿಯಾನಾದ ಇಲಿಗಳು ಬಂದ್ವು!" ಎಂದು ನಕ್ಕಿದ್ದ. ಆಗಲೇ ಹೊರಗೆ ಯಾರೋ ಗಾಡಿ ತೆಗೆಯಿರಿ ಎಂದು ಹಾರನ್ ಹೊಡೆದರು. ಮಾತಿನ ಉಳಿದರ್ಧ ಕೇಳಿಸಿಕೊಳ್ಳದೆ ಜೀಲಾನಿ ಎದ್ದು ಬಂದಿದ್ದ. ಆ ವಾರ ಅರಿಯಾನಾದಲ್ಲಿ, ಟೀ ಜೊತೆಗೆ ನಂಚಿಕೊಳ್ಳಲು ಏನೂ ಇಲ್ಲದಾಗ, "ನಿಮ್ಮ ಟೋಪಿಗೆ ಪೇಟೇಲಿ ಇಲಿ ಅಂತ ಹೆಸರಿಟ್ಟಿದಾರೆ ಖಾಲ್ತಿ, ಬಾಲ ಇದೆಯಂತೆ" ಎಂದು ಹೇಳಿಬಿಟ್ಟಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಹೊತ್ತ ಒಂದೇ ಒಂದು ಮಾತು. ಅದೂ ಅರ್ಧ. ಹೆಂಗಸರೆಲ್ಲ ನಕ್ಕಿದ್ದರು, ಶೆದ್ಲಿಯಾ ಒಬ್ಬಳನ್ನು ಬಿಟ್ಟು.

ಗುರುವಾರ ಅವನು ಅರಿಯಾನಾಕ್ಕೆ ಹೋದಾಗ ಅಂಗಳದಲ್ಲಿ ಮಾತೂ ಹೆಣಿಗೆಯ ಕಡ್ಡಿಯೂ ಜೊತೆಜೊತೆಗೇ ಓಡುತ್ತಿದ್ದವು.

"ಬಂದ ನೋಡ್ರೇ ನಮ್ಮ ಮಂತ್ರಿ! ಏನು ಜೀಲಾನಿ, ಮುಖ ಯಾಕೆ ಹಳಸಿದ ರೊಟ್ಟಿ ಥರ ಇದೆ?"

"ಉಣ್ಣೆ ಎಲ್ಲೋ? ಗಾಡೀಲೇ ಬಿಟ್ಯಾ, ದಾರೀಲೇ ಬಿಟ್ಯಾ?"

ಜೀಲಾನಿ ನೇರ ಶೆದ್ಲಿಯಾಳ ಮುಂದೆ ಹೋಗಿ ನಿಂತ. ಶೆದ್ಲಿಯಾ ಒಂದು ಟೋಪಿಯ ನೆತ್ತಿ ಮುಗಿಸುತ್ತಿದ್ದಳು. ಕೊನೆಯ ಎಳೆಯನ್ನು ಒಳಕ್ಕೆ ಸೆಳೆದು, ಮೂರು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಹಲ್ಲಿನಿಂದ ದಾರ ತುಂಡರಿಸಿದಳು. ಅರವತ್ತಮೂರರ ವಯಸ್ಸಿನಲ್ಲೂ ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುವ ಹೆಂಗಸು. ಟೋಪಿಯನ್ನು ತಿರುಗಿಸಿ ಅವನ ಮೂಗಿನ ಮುಂದೆ ಹಿಡಿದಳು.

"ಹುಡುಕು ಬಾಲ. ಸಿಕ್ರೆ ಮಧ್ಯಾಹ್ನದ ಊಟ ನಮ್ಮನೇಲಿ."

"ಖಾಲ್ತಿ, ಆ ಗಂಟು..." ಅವನು ಮೂಟೆಯ ಮೇಲೆ ಕೂತ. ಕೂತವನು ಎಲ್ಲವನ್ನೂ ಹೇಳಿದ: ತೂತು, ಟ್ರಿಪೋಲಿ, ಮಿಲ್ಲು, ತಾನು ಅರ್ಧ ಕೇಳಿ ತಂದ ಮಾತು. ಹೇಳುತ್ತ ಹೋದಂತೆ ಕಡ್ಡಿಗಳು ಒಂದೊಂದಾಗಿ ನಿಂತವು. "ಅದಕ್ಕೇ ಹೇಳ್ತೀನಿ, ಮೊದಲಿನ ಹಾಗೆ ಬಾಲ ಬಿಡಿ. ಬಾಲ ಬೇಕಂತೆ ಅವನಿಗೆ."

ಶೆದ್ಲಿಯಾ ಕೈಲಿದ್ದ ಟೋಪಿಯನ್ನು ಮಡಿಲಿಗಿಳಿಸಿದಳು. ಆಮೇಲೆ ಕೇಳಿದಳು:

"ಆವತ್ತು ಬಾಲ ಬೇಡ ಅಂದೆ. ಇವತ್ತು ಬೇಕು ಅಂತೀಯ. ನಿನ್ನ ಮಾತು ನಂಬಿ ಒಂದ್ಸಲ ಹಾಳಾದ್ವಿ. ಈಗ್ಲೂ ಅರ್ಧಾನೇ ಕೇಳ್ಕೊಂಡು ಬಂದಿಲ್ಲ ಅಂತ ಹೇಗೆ ನಂಬ್ಲಿ?"

"ಆಣೆ ಹಾಕ್ತೀನಿ ಖಾಲ್ತಿ."

"ಆಣೆ ಹಾಕ್ಬೇಡ. ಗಾಡಿ ಹೊರಡಿಸು. ಅವನ ಬಾಯಿಂದ್ಲೇ ಕೇಳ್ತೀನಿ."

"ಅದಾಗಲ್ಲ! ಕಟ್ಟಳೆ ಇದೆ. ಮಾತು ಹೊರಬೇಡ ಅಂತ..."

"ನಾನೇನು ಮಾತಾ? ನಾನು ಶೆದ್ಲಿಯಾ. ಎಪ್ಪತ್ತು ಕಿಲೋ ಇದೀನಿ. ಹೊರು."

ಅವಳು ಬಿಳಿಯ ಸಫ್ಸಾರಿ ಹೊದ್ದು, ಕಡ್ಡಿ, ಉಣ್ಣೆಯುಂಡೆಗಳ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಉಳಿದವರು ಬಾಗಿಲ ತನಕ ಬಂದರು. "ಆ ಉಜ್ಜೋನಿಗೆ ನಮ್ಮ ಲೆಕ್ಕದಲ್ಲಿ ಒಂದು ಚುಚ್ಚಿ ಬಾ ಅಕ್ಕಾ!" ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ದಾರಿಯುದ್ದಕ್ಕೂ ಜೀಲಾನಿ ಬೇಕೆಂದೇ ನಿಧಾನವಾಗಿ ಗಾಡಿ ಓಡಿಸಿದ. ಈ ಹೆಂಗಸರ ಕೆಲಸ ಉಳಿಸಲು ಹೋಗಿ ತನ್ನ ಕೆಲಸವೂ ಹೋಗುವ ಹಾಗಿತ್ತು. ಶೆದ್ಲಿಯಾ ಕಿಟಕಿಯ ಹೊರಗೆ ನೋಡುತ್ತ, ಹೋಗುತ್ತಿರುವ ಒಬ್ಬೊಬ್ಬ ಕೆಂಪು ಟೋಪಿಯ ಮುದುಕನನ್ನೂ ದಿಟ್ಟಿಸುತ್ತಿದ್ದಳು.

"ಇವರಲ್ಲಿ ಯಾರ ತಲೆ ನನ್ನದೋ," ಎಂದಳು ಒಮ್ಮೆ.

ಟೋಪಿಪೇಟೆಯ ಕಿರಿದಾದ ಓಣಿಯಲ್ಲಿ ಅಂಗಡಿಯವರೆಲ್ಲ ತಲೆ ಎತ್ತಿ ನೋಡಿದರು. ಹೆಣೆಯುವ ಹೆಂಗಸೊಬ್ಬಳು ಉಜ್ಜುವವನ ಬೆಂಚಿನ ತನಕ ಬಂದದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಖ್ಮಾಯಿಸ್ ಮುಳ್ಳುಕಾಯಿ ಹಿಡಿದೇ ಎದ್ದು ನಿಂತ.

"ಇವರು ಅರಿಯಾನಾದ ಖಾಲ್ತಿ ಶೆದ್ಲಿಯಾ," ಎಂದ ಜೀಲಾನಿ, ಅಪರಾಧಿಯ ದನಿಯಲ್ಲಿ.

"ಓ," ಎಂದ ಖ್ಮಾಯಿಸ್. "ಇಲಿ..." ಎಂದು ಬಾಯಿ ತೆರೆದವನು ಅಲ್ಲೇ ಮುಚ್ಚಿದ.

"ಹೇಳಿ, ಹೇಳಿ," ಎಂದಳು ಶೆದ್ಲಿಯಾ. "ಈ ಸಲ ಪೂರ್ತಿ ಹೇಳಿ. ಅರ್ಧ ಕೇಳಿ ನಮಗೆ ಸಾಕಾಗಿದೆ."

ಖ್ಮಾಯಿಸ್ ಕಿವಿಯವರೆಗೂ ಶೆಶಿಯಾದ ಬಣ್ಣಕ್ಕೆ ತಿರುಗಿದ. ಮಾತಿಗೆ ಬದಲು ಒಂದು ಹಳೆಯ ಟೋಪಿ ಹುಡುಕಿ ತೆಗೆದ. ಮೂಲೆಯಲ್ಲಿ ಬಿದ್ದಿದ್ದ, ಇನ್ನೂ ಬಾಲವಿದ್ದ ಟೋಪಿ. ಬಾಲವನ್ನು ಎಡಗೈ ಬೆರಳಿಗೆ ಸುತ್ತಿ, ಬಲಗೈಯಲ್ಲಿ ಮುಳ್ಳುಕಾಯಿ ಹಿಡಿದು ನೆತ್ತಿಯಿಂದ ಕೆಳಗೆ ಉಜ್ಜತೊಡಗಿದ. ಟೋಪಿ ಬುಗುರಿಯ ಹಾಗೆ ತಿರುಗುತ್ತ ಹೋಯಿತು. ಶೆದ್ಲಿಯಾ ಕಣ್ಣು ಮಿಟುಕಿಸದೆ ನೋಡಿದಳು. ಐವತ್ತು ವರ್ಷ ಹೆಣೆದ ಟೋಪಿಗೆ ಆಮೇಲೆ ಏನಾಗುತ್ತದೆ ಎಂದು ಅವಳು ಮೊದಲ ಸಲ ನೋಡುತ್ತಿದ್ದಳು.

"ನೆತ್ತೀಲೇ ಇಷ್ಟೊಂದು ಉಜ್ತೀರಾ?"

"ಬಿಸಿಲು ಬೀಳೋದು ಅಲ್ಲೇ, ಜನ ನೋಡೋದೂ ಅಲ್ಲೇ. ಅಂಚಲ್ಲಿ ಎರಡೇ ಕೈ ಸಾಕು."

"ಅಯ್ಯೋ ದೇವ್ರೇ! ನಾವು ಅಂಚಿಗೇ ಬಿಗಿ ಮಾಡ್ತೀವಲ್ಲ, ನೆತ್ತಿಗೆ ಸಡಿಲ. ತಲೆಗೆ ಗಾಳಿ ಆಡ್ಲಿ ಅಂತ."

"ಗಾಳಿ ಚೆನ್ನಾಗೇ ಆಡ್ತಿದೆ, ಟ್ರಿಪೋಲಿಯವರು ಬರೆದಿದಾರೆ," ಎಂದ ಜೀಲಾನಿ. ಇಬ್ಬರೂ ಅವನ ಕಡೆ ಒಂದೇ ನೋಟ ಬೀರಿದರು. ಅವನು ಟೀ ತರಲು ಹೋದ.

"ನಿಮಗೆ ನೆತ್ತಿ ದಪ್ಪ ಬೇಕಿದ್ರೆ ಹೇಳಬಾರದಾ? ಅಲ್ಲಿ ಜೋಡಿ ಎಳೆ ಹಾಕಿ ಹೆಣೀತೀನಿ. ಅಂಚಿಗೆ ಒಂಟಿ. ಉಣ್ಣೆಯೂ ಅಷ್ಟೇ ಆಗತ್ತೆ," ಎನ್ನುತ್ತಲೇ ಅವಳು ಬೆಂಚಿನ ತುದಿಯಲ್ಲಿ ಕೂತು ಕಡ್ಡಿ ತೆಗೆದಳು.

ಸಿ ಹಮ್ಮೂದಾ ಬಂದಾಗ ಕಂಡ ದೃಶ್ಯ ಹೀಗಿತ್ತು: ಹೆಣೆಯುವವಳ ಕೈಯಲ್ಲಿ ಮುಳ್ಳುಕಾಯಿ, ಉಜ್ಜುವವನ ಕೈಯಲ್ಲಿ ಹೆಣಿಗೆಯ ಕಡ್ಡಿ, ನಡುವೆ ಮೂಟೆ ಹೊರುವವನು ಟೀ ಲೋಟ ಹಿಡಿದು.

"ಯಾರು ಕರ್ಕೊಂಡು ಬಂದಿದ್ದು ಇವರನ್ನ?"

"ನಾನು," ಎಂದ ಜೀಲಾನಿ. "ತೂತಿಗೆ ಕಾರಣಾನೂ ನಾನೇ." ಇಲಿಬಾಲದ ಕಥೆ ಎರಡನೆಯ ಸಲ ಹೇಳಿದ. ಮೊದಲ ಸಲಕ್ಕಿಂತ ಕಷ್ಟವಾಯಿತು.

ಸಿ ಹಮ್ಮೂದಾ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವರು ನಿಧಾನವಾಗಿ ತಮ್ಮ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. ಕೂದಲಿಲ್ಲದ ಪುಟ್ಟ ತಲೆ ಅದು; ಟೋಪಿ ಇಲ್ಲದೆ ಅವರನ್ನು ಯಾರೂ ಕಂಡವರಲ್ಲ.

"ಅಜ್ಜ ಈ ನಾಲ್ಕು ಊರನ್ನೂ ಬೇರೆ ಬೇರೆ ಇಟ್ಟಿದ್ದು ಸುಮ್ನೆ ಅಲ್ಲ," ಎಂದರು. "ನನಗೆ ಹೆಣೆಯೋಕೆ ಬರಲ್ಲ. ಉಜ್ಜೋಕೆ ಬರಲ್ಲ. ನಾಲ್ಕೂ ಊರು ಗೊತ್ತಿರೋದೊಂದೇ ನನ್ನ ಕಸುಬು. ನೀವು ನೀವೇ ಮಾತಾಡ್ಕೊಂಡ್ಮೇಲೆ ನಾನು ಯಾತಕ್ಕೆ?"

ಜೀಲಾನಿಗೆ ಆ ಮಾತು ಚುಚ್ಚಿತು. ಎಲ್ಲರನ್ನೂ ಬಲ್ಲವನೆಂಬ ತನ್ನ ಗರಿಯೂ ಅದೇ ಬಣ್ಣದ್ದು.

ಉತ್ತರ ಕೊಟ್ಟವಳು ಶೆದ್ಲಿಯಾ. "ಸಿ ಹಮ್ಮೂದಾ, ಎದುರಿಗೆ ಅಂಗಡಿ ಇಡೋಕೆ ನಂಗೆ ಪುರುಸೊತ್ತಿಲ್ಲ. ಏಳು ಜನ ಹೆಂಗಸರನ್ನ ಒಂದೇ ಅಂಗಳದಲ್ಲಿ ಜಗಳ ಇಲ್ದೆ ಕೂರಿಸೋದ್ರಲ್ಲೇ ದಿನ ಮುಗಿಯತ್ತೆ. ಟ್ರಿಪೋಲಿಯವನ ಜೊತೆ ಮಾತಾಡೋ ಕೆಲಸ ನಿಮಗೇ ಇರ್ಲಿ. ನಂಗೆ ಹನ್ನೆರಡು ಟೋಪಿಯ ಉಣ್ಣೆ ಕೊಡಿ. ಒಂದಕ್ಕೆ ತೂತು ಬಿದ್ರೂ ಮಿಲ್ಲಿನವರಿಗೆ ಹೇಳಿ ಕಳಿಸಿ, ನಾನು ಒಂದು ಮಾತೂ ಆಡಲ್ಲ."

"ಒಂದು ಮಾತೂ ಆಡಲ್ಲ ಅನ್ನೋದನ್ನ ನಾನು ನಂಬಲ್ಲ," ಎಂದ ಖ್ಮಾಯಿಸ್. ಸಿ ಹಮ್ಮೂದಾರ ಮೀಸೆಯ ಒಂದು ಬದಿ ಅಲುಗಿತು. ಉಣ್ಣೆ ತೂಗಿ ಕೊಟ್ಟರು.

ಹೆಣೆದು ಮುಗಿದ ಆ ಹನ್ನೆರಡು ಟೋಪಿಗಳ ಜೊತೆ ಬತ್ತಾನ್‌ಗೆ ಹೋಗುವಾಗ ಗಾಡಿಯ ಮುಂದೆ ಶೆದ್ಲಿಯಾ, ಹಿಂದೆ ಮೂಟೆಯ ಪಕ್ಕ ಖ್ಮಾಯಿಸ್. ಲಾರೂಸಿ ನೀರಿನಿಂದ ಮೇಲೆ ಬಂದು, "ಓಹೋ, ಬಲೆ ಹೆಣೆಯೋರೇ ಬಂದ್ರಾ!" ಎಂದ. ಅರ್ಧ ಗಂಟೆ ಜಗಳವಾಯಿತು. ಜಗಳ ಮುಗಿದಾಗ ಯಾರಿಗೂ ತಿಳಿಯದೆ ಅದು ಕೆಲಸದ ಮಾತಾಗಿತ್ತು. ಬಾಲವನ್ನು ಸುಮ್ಮನೆ ನೇತಾಡಲು ಬಿಡುವ ಬದಲು ಕುಣಿಕೆ ಮಾಡಿದರೆ ಒಣಹಾಕಲು ಮೊಳೆಗೆ ಸಿಕ್ಕಿಸಬಹುದು, ಈಗಿನ ಹಾಗೆ ಅಂಚಿಗೆ ಮೊಳೆಯ ತುಕ್ಕು ಹತ್ತುವುದಿಲ್ಲ ಎಂದ ಲಾರೂಸಿ. ಅದನ್ನು ಅವನು ಹದಿನೈದು ವರ್ಷದಿಂದ ಹೇಳಬೇಕೆಂದಿದ್ದನಂತೆ. ಯಾರಿಗೆ ಹೇಳುವುದೆಂದೇ ಗೊತ್ತಿರಲಿಲ್ಲ.

"ನಂಗೆ ಹೇಳಬಹುದಿತ್ತಲ್ಲೋ," ಎಂದ ಜೀಲಾನಿ.

"ನೀನು ಟೋಪಿ ಹೊರೋನು," ಎಂದ ಲಾರೂಸಿ, ಬಹಳ ಸಹಜವಾಗಿ.

ಹನ್ನೆರಡು ಟೋಪಿಗಳೂ ಕುಗ್ಗಿ, ಉಜ್ಜಿಸಿಕೊಂಡು, ಬಣ್ಣ ಕುಡಿದು ಬಂದ ದಿನ ಸಿ ಹಮ್ಮೂದಾ ಒಂದೊಂದನ್ನೂ ಬೆಳಕಿಗೆ ಹಿಡಿದರು. ಶೆದ್ಲಿಯಾ ಅಂಗಡಿಯ ಹೊಸ್ತಿಲಲ್ಲಿ ಕೂತಿದ್ದಳು. ಹನ್ನೊಂದರಲ್ಲಿ ಒಂದಕ್ಕೂ ತೂತಿರಲಿಲ್ಲ. ಹನ್ನೆರಡನೆಯದನ್ನು ಅವರು ಬಹಳ ಹೊತ್ತು ತಿರುಗಿಸಿದರು. ಖ್ಮಾಯಿಸ್ ಬೆನ್ನು ತಿರುಗಿಸಿ ನಿಂತ. ನೋಡಲು ಧೈರ್ಯ ಸಾಲಲಿಲ್ಲ. ಕೊನೆಗೆ ಸಿ ಹಮ್ಮೂದಾ ಅದನ್ನು ಕೆಳಗಿಟ್ಟು, ತಕ್ಕಡಿಯ ಹತ್ತಿರ ಹೋಗಿ, ಏಳು ಜನಕ್ಕೆ ತಿಂಗಳಿಗಾಗುವಷ್ಟು ಉಣ್ಣೆ ತೂಗತೊಡಗಿದರು. ಸೂಸ್‌ನ ಮಿಲ್ಲಿನ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ. ಶೆದ್ಲಿಯಾ ಹನ್ನೆರಡನೆಯ ಟೋಪಿಯನ್ನು ತೆಗೆದು ಒಳಗೆ ಬೆರಳಾಡಿಸಿ, "ಇದು ನಂದೇ" ಎಂದಳು. ನವಿರಿನ ಕೆಳಗೆ ಮುಚ್ಚಿಹೋದ ತನ್ನ ಹೆಣಿಗೆ ಅವಳ ಬೆರಳಿಗೆ ಸಿಕ್ಕಿತ್ತು.

ಅಜ್ಜನ ಕಟ್ಟಳೆಯನ್ನು ಸಿ ಹಮ್ಮೂದಾ ಇವತ್ತಿನವರೆಗೂ ತೆಗೆದುಹಾಕಿಲ್ಲ. ತಿಂಗಳ ಮೊದಲ ಗುರುವಾರ ಶೆದ್ಲಿಯಾಳ ಅಂಗಳದಲ್ಲಿ ಊಟವೊಂದನ್ನು ಮಾತ್ರ ಗೊತ್ತು ಮಾಡಿದ್ದಾರೆ. ಅದು ಬರೀ ಊಟ, ಕೆಲಸದ ಮಾತಿಲ್ಲ ಎಂದು ಪ್ರತಿ ಸಲ ಎಚ್ಚರಿಸುತ್ತಾರೆ. ಕುಸ್ಕುಸ್ ಬರುವ ಮೊದಲೇ ತಾವೇ ಶುರುಮಾಡುತ್ತಾರೆ. ಝಗ್ವಾನ್‌ನ ಮುದುಕ ಕೂಡ ಕಿತ್ತಳೆ ತಂದು ಕೂತು, ಒಮ್ಮೆ ಬಾಯಿ ಬಿಟ್ಟು, ಕುಣಿಕೆ ಇದ್ದರೆ ಬಣ್ಣದಲ್ಲಿ ಅದ್ದುವುದು ಸುಲಭ ಎಂದ. ಎಲ್ಲರೂ ಊಟ ಬಿಟ್ಟು ಅವನನ್ನೇ ನೋಡಿದರು.

ಜೀಲಾನಿಗೆ ಮೊದಮೊದಲು ಒಂಥರಾ ಖಾಲಿಖಾಲಿ. ಯಾರೂ ಈಗ ಅವನನ್ನು, ಅಲ್ಲೇನಂತೆ ಇಲ್ಲೇನಂತೆ ಎಂದು ಕೇಳುತ್ತಿರಲಿಲ್ಲ. ಗಾಡಿ ಎಷ್ಟು ಹಗುರವಾಗಿದೆಯೆಂದರೆ, ದಿಬ್ಬ ಹತ್ತುವಾಗ ಸದ್ದೇ ಮಾಡುವುದಿಲ್ಲ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ.

ಆ ವರ್ಷದ ಹಬ್ಬದ ಮುಂಚಿನ ಗುರುವಾರ, ಊಟವಾದ ಮೇಲೆ ಶೆದ್ಲಿಯಾ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಅವನ ಮುಂದಿಟ್ಟಳು. ಒಳಗೆ ಕೆಂಪು ಶೆಶಿಯಾ, ಅವನದೇ. ಬೆರಗುಗೊಳಿಸಬೇಕೆಂದು ಎಲ್ಲರೂ ಬಾಯಿ ಬಿಗಿದುಕೊಂಡು ಮಾಡಿದ್ದು. ಜೀಲಾನಿ ಅದನ್ನು ತಲೆಗಿಟ್ಟ. ಅದು ನೆತ್ತಿ ದಾಟಿತು, ಹಣೆ ದಾಟಿತು, ಹುಬ್ಬು ದಾಟಿತು, ಮೂಗಿನ ಮೇಲೆ ಬಂದು ನಿಂತಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇವನ ತಲೆ ದೊಡ್ಡದು ಅಂತ ನಾನು ನಾಲ್ಕು ಬೆರಳು ಜಾಸ್ತಿ ಹೆಣೆದೆ," ಎಂದಳು ಶೆದ್ಲಿಯಾ ಮೆಲ್ಲಗೆ.

"ಇವನ ತಲೆ ದೊಡ್ಡದು ಅಂತ ನಾನು ಅರ್ಧಕ್ಕೇ ಬಡಿಯೋದು ನಿಲ್ಲಿಸ್ದೆ," ಎಂದ ಲಾರೂಸಿ.

ಖ್ಮಾಯಿಸ್ ತಲೆ ಕೆರೆದುಕೊಂಡ. "ನಾನು... ದೊಡ್ಡ ಅಚ್ಚು ಮಾಡಿಸ್ದೆ. ಕುಂಬಳಕಾಯಿ ಗಾತ್ರದ್ದು."

"ಒಬ್ಬರಿಗೊಬ್ಬರು ಹೇಳ್ಕೊಳ್ಳೋಕಾಗ್ಲಿಲ್ವಾ?" ಎಂದು ಗುಡುಗಿದರು ಸಿ ಹಮ್ಮೂದಾ. ಗುಡುಗಿದವರು ಏನು ಹೇಳಿದೆನೆಂದು ತಾವೇ ಕೇಳಿಸಿಕೊಂಡು, ನೀರಿನ ಲೋಟಕ್ಕೆ ಕೈಚಾಚಿದರು.

ಟೋಪಿಯ ಕತ್ತಲೊಳಗಿಂದ ಜೀಲಾನಿಯ ದನಿ ಬಂತು. "ಯಾರೂ ಮುಟ್ಟಬೇಡಿ. ಸರಿಯಾಗೇ ಇದೆ." ಅಂಚನ್ನು ಎರಡು ಸಲ ಮೇಲಕ್ಕೆ ಮಡಿಸಿಕೊಂಡ. ಮಡಿಕೆಯ ಕೆಳಗಿಂದ ಮೊದಲು ಹುಬ್ಬು ಕಂಡಿತು, ಆಮೇಲೆ ಕಣ್ಣು. ಕಣ್ಣು ಒದ್ದೆಯಾಗಿತ್ತು. ನೆತ್ತಿಯ ಮೇಲೆ, ಕತ್ತರಿಸಲು ಖ್ಮಾಯಿಸನಿಗೆ ಮನಸ್ಸು ಬಾರದೆ ಉಳಿಸಿದ್ದ ಬೆರಳುದ್ದದ ಕೆಂಪು ಬಾಲ, ಅವನು ತಲೆಯಾಡಿಸಿದಂತೆಲ್ಲ ಆಡುತ್ತಿತ್ತು.